ಪ್ರವಾಸದ ದಾರಿಯಲ್ಲೊಂದು ಕುಂಬಾರಗೇರಿ

ನಿಮ್ಮ ಶಾಲೆ ಅಥವಾ ಕಾಲೇಜಿನ ಶೈಕ್ಷಣಿಕ ಪ್ರವಾಸದ ಪಟ್ಟಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬೇಲೂರು, ಹಳೇಬೀಡು, ಹಂಪೆ, ಜೋಗ, ಒಂದು ಅಣೆಕಟ್ಟು, ಒಂದು ಮೃಗಾಲಯ. ಇವೆಲ್ಲ ನೋಡಲೇಬೇಕಾದ ಸ್ಥಳಗಳೇ, ಸಂದೇಹವಿಲ್ಲ. ಆದರೆ ಈ ಸ್ಥಳಗಳ ನಡುವಣ ದಾರಿಯಲ್ಲಿ, ಬಸ್ಸು ನಿಲ್ಲದೆ ಹಾದುಹೋಗುವ ಯಾವುದೋ ಊರಿನ ಅಂಚಿನಲ್ಲಿ, ಹೊಯ್ಸಳರ ಶಿಲ್ಪಕ್ಕಿಂತ ಎಷ್ಟೋ ಹಳೆಯದಾದ ಕಸುಬೊಂದು ಇಂದಿಗೂ ನಡೆಯುತ್ತಿರುತ್ತದೆ. ಅದು ಕುಂಬಾರಿಕೆ.

ಎಷ್ಟು ಹಳೆಯದು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದ ವಿಷಯವನ್ನು ಇತಿಹಾಸದ ವಿದ್ಯಾರ್ಥಿಗಳು ಓದಿರಬಹುದು. ಅಲ್ಲಿನ ಬೃಹತ್ ಶಿಲಾ ಸಮಾಧಿಗಳಲ್ಲಿ ದೊರೆತ ಮಡಕೆಗಳ ಹೊರಮೈ ಕೆಂಪು. ಒಳಮೈ ಮತ್ತು ಬಾಯಿಯ ಸುತ್ತಿನ ಭಾಗ ಕಪ್ಪು. ಒಂದೇ ಮಡಕೆಗೆ ಎರಡು ಬಣ್ಣ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಒಂದು ವಾಕ್ಯದಲ್ಲಿರುತ್ತದೆ. ಅದೇ ಉತ್ತರವನ್ನು ಕುಂಬಾರರೊಬ್ಬರ ಆವಿಗೆಯ ಮುಂದೆ ನಿಂತು ಕೇಳಿದರೆ ಮರೆಯುವಂತಿಲ್ಲ. ಅಂಥ ಒಂದು ಸ್ಥಳವನ್ನು ಪ್ರವಾಸದ ನಡುವೆ ಹುಡುಕಿಕೊಳ್ಳುವುದು ಹೇಗೆ, ಹೋದಮೇಲೆ ಏನನ್ನು ನೋಡಬೇಕು ಎಂಬುದೇ ಇಲ್ಲಿಯ ವಿಷಯ.

ಹುಡುಕುವುದು ಹೇಗೆ?

ಈಗ ಯಾರ ಕೈಯಲ್ಲಿ ನೋಡಿದರೂ ಮೊಬೈಲ್ ಇದೆ, ಅದರಲ್ಲಿ ನಕ್ಷೆಯೂ ಇದೆ. 'ಪಾಟರಿ' ಎಂದು ಬರೆದು ಹುಡುಕಿದರೆ ದೊಡ್ಡ ಊರುಗಳ ಸ್ಟುಡಿಯೋಗಳ ಹೆಸರುಗಳು ಬರುತ್ತವೆ. ವಾರಾಂತ್ಯದ ತರಗತಿ, ಶುಲ್ಕ, ಸಮಯ ಎಲ್ಲವೂ ತಿಳಿಯುತ್ತದೆ. ಆದರೆ ತಲೆಮಾರುಗಳಿಂದ ಗಡಿಗೆ ಮಾಡುತ್ತ ಬಂದ ಮನೆಗೆ ಬೋರ್ಡು ಇರುವುದಿಲ್ಲ. ಅದು ನಕ್ಷೆಯಲ್ಲಿ ಕಾಣಿಸುವುದೂ ಅಪರೂಪ. ಅದನ್ನು ಹುಡುಕಲು ಬೇರೆ ಜಾಡು ಹಿಡಿಯಬೇಕು.

ಮೊದಲನೆಯ ಜಾಡು ಹೆಸರು. ಕುಂಬಾರಗೇರಿ, ಕುಂಬಾರ ಓಣಿ, ಕುಂಬಾರಪೇಟೆ, ಕುಂಬಾರಹಳ್ಳಿ, ಕುಂಬಾರಕೊಪ್ಪಲು: ನಮ್ಮ ನಾಡಿನ ತುಂಬ ಇಂಥ ಹೆಸರುಗಳಿವೆ. ಕರಾವಳಿಗೆ ಹೋದರೆ ಕುಲಾಲ, ಮೂಲ್ಯ ಎಂಬ ಹೆಸರುಗಳಿಂದ ವಿಚಾರಿಸಬೇಕು. ಆದರೆ ಹೆಸರನ್ನೇ ಪೂರ್ತಿ ನಂಬುವಂತಿಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿರುವ ಕುಂಬಾರಪೇಟೆ ಇಂದು ಅಂಗಡಿಗಳ ಬೀದಿ. ತಿಗರಿ ಹೋಗಿ ಹೆಸರು ಉಳಿದಿದೆ. ಅದೇ ಬೆಂಗಳೂರಿನ ದಂಡು ಪ್ರದೇಶದ ಪಾಟರಿ ಟೌನ್‌ನಲ್ಲಿ ಕುಂಬಾರರು ಇನ್ನೂ ಕೆಲಸ ಮಾಡುತ್ತಿದ್ದಾರೆ. ಗಣೇಶ ಚೌತಿಯ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಮೂರ್ತಿಗಳ ಸಾಲು, ದೀಪಾವಳಿಯ ಮುಂಚೆ ಹಣತೆಗಳ ರಾಶಿ.

ಎರಡನೆಯ ಜಾಡು ಸಂತೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಊರಿನ ವಾರದ ಸಂತೆಗೆ ಹೋಗಿ ಗಡಿಗೆ ಮಾರುವವರನ್ನು ಹುಡುಕಿ. "ಅಮ್ಮಾ, ಈ ಗಡಿಗೆ ಯಾವ ಊರಿಂದು? ನೀವೇ ಮಾಡಿದ್ದಾ?" ಎಂದು ಕೇಳಿ. ಧಾರವಾಡದ ಕಡೆಯಾದರೆ "ಕಾಕಾ, ಈ ಗಡಗಿ ಯಾವೂರಾಗ ಮಾಡ್ತಾರ್ರಿ?" ಎಂದರಾಯಿತು. ಮಾಡಿದವರೇ ಮಾರುತ್ತಿದ್ದರೆ ಅವರ ಊರು ಹತ್ತಿರದಲ್ಲೇ ಇರುತ್ತದೆ. ಏಕೆಂದರೆ ಮಡಕೆ ದೂರ ಪ್ರಯಾಣ ಮಾಡುವ ಸರಕಲ್ಲ. ಭಾರ ಹೆಚ್ಚು, ಒಡೆಯುವ ಭಯ ಇನ್ನೂ ಹೆಚ್ಚು. ಆದರೂ ನಗರದ ಹೆದ್ದಾರಿಯ ಬದಿಯಲ್ಲಿ ನಲ್ಲಿ ಕೂರಿಸಿ ಬಣ್ಣ ಬಳಿದು ಮಾರುವ ಹೂಜಿಗಳು ಲಾರಿಯಲ್ಲಿ ಹೊರರಾಜ್ಯಗಳಿಂದ ಬಂದಿರುವುದೂ ಉಂಟು. ಕೇಳದೆ ತಿಳಿಯುವುದಿಲ್ಲ.

ಮೂರನೆಯದು ಊರಿನ ಹಿರಿಯ ಹೆಂಗಸರ ನೆನಪು. ಮದುವೆಯಲ್ಲಿ ಬಣ್ಣ ಬಳಿದ ಮಡಕೆಗಳನ್ನು ಕುಂಬಾರರ ಮನೆಯಿಂದ ಶಾಸ್ತ್ರೋಕ್ತವಾಗಿ ತರುವ ಪದ್ಧತಿ ನಮ್ಮಲ್ಲಿ ಹಲವು ಕಡೆ ಇದೆ. ಹಳೇ ಮೈಸೂರಿನ ಕಡೆ ಅರಿವೇಣಿ, ಉತ್ತರ ಕರ್ನಾಟಕದಲ್ಲಿ ಐರಣಿ ಎನ್ನುತ್ತಾರೆ. "ನಿಮ್ಮ ಮನೆ ಮದುವೆಗೆ ಅರಿವೇಣಿ ಯಾರ ಮನೆಯಿಂದ ತಂದಿರಿ, ಅಜ್ಜಿ?" ಎಂಬ ಪ್ರಶ್ನೆಗೆ ಬರುವ ಉತ್ತರ ಯಾವ ನಕ್ಷೆಗಿಂತಲೂ ಖಚಿತವಾಗಿರುತ್ತದೆ.

ಇನ್ನು ಊರನ್ನು ಮುಟ್ಟಿದ ಮೇಲೆ ಕಿವಿಗೊಡಿ. ತಟ್ ತಟ್ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದು ಕೇಳಿದರೆ ಅದೇ ಮನೆ. ಶಿವಭಕ್ತ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ಲಯಕ್ಕೆ ಶಿವನೇ ಬಂದು ಕುಣಿದನೆಂದು ಕಥೆ. ಹರಿಹರ ಕವಿ ಆತನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಆ ಸದ್ದನ್ನು ಒಮ್ಮೆ ಹತ್ತಿರದಿಂದ ಕೇಳಿದರೆ, ಈ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಎನಿಸುತ್ತದೆ.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಹೋಗಿ ನಿರಾಶರಾದವರು ಬಹಳ ಮಂದಿ. ಹಸಿ ಮಡಕೆ ಒಣಗಬೇಕು, ಆವಿಗೆಯ ಸೌದೆ ಒಣಗಿರಬೇಕು. ಜಡಿಮಳೆಯಲ್ಲಿ ಎರಡೂ ಆಗದು. ಮಾಘ ಕಳೆದು ಬಿಸಿಲೇರಿದಂತೆ ನೀರಿನ ಕೊಡಗಳ ಕೆಲಸ ಭರದಿಂದ ಸಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಮುಂಚೆ ಕುಂಬಾರರ ಮನೆಯಲ್ಲಿ ಜೋಡೆತ್ತುಗಳು ಸಾಲುಗಟ್ಟುತ್ತವೆ. ಇವುಗಳನ್ನು ಸುಡುವುದಿಲ್ಲ, ಹಸಿ ಮಣ್ಣಿನದೇ ಪೂಜೆ. ನವರಾತ್ರಿ ಕಳೆದೊಡನೆ ಹಣತೆಯ ಕಾಲ. ಶಾಲೆಗಳ ಪ್ರವಾಸ ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯ ಒಳಗೆ ಇರುವುದರಿಂದ ಕಾಲ ಅನುಕೂಲವೇ. ಆದರೆ ಆವಿಗೆ ಹಾಕುವ ದಿನವನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು. ಅದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಸಾಕಷ್ಟು ಮಡಕೆ ಕೂಡಿದಾಗ. ಒಂದೇ ದಿನ ಬಿಡುವಿದ್ದರೆ ಆವಿಗೆಯ ದಿನವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ತಿಗರಿ ತಿರುಗುವುದನ್ನು ದೂರದರ್ಶನದ ಪರದೆಯ ಮೇಲೂ ನೋಡಬಹುದು. ಬೆಂಕಿಯ ಮುಂದೆ ಕುಂಬಾರರ ಮುಖದಲ್ಲಿ ಕಾಣುವ ಆತಂಕ ಪರದೆಯ ಮೇಲೆ ಅಷ್ಟಾಗಿ ಬಾರದು. ಹದಿನೈದು ದಿನದ ದುಡಿಮೆ ಒಂದು ರಾತ್ರಿಯಲ್ಲಿ ಉಳಿಯಬೇಕು ಅಥವಾ ಹೋಗಬೇಕು.

ಏನನ್ನು ನೋಡಬೇಕು?

ಬಂದವರೆಲ್ಲ ನೇರವಾಗಿ ತಿಗರಿಯ ಬಳಿ ಓಡುತ್ತಾರೆ. ನೀವು ಹಾಗೆ ಮಾಡಬೇಡಿ. ಹಿತ್ತಲಿನ ಮಣ್ಣಿನ ಗುಂಡಿಯಿಂದ ಪ್ರಾರಂಭಿಸಿ. ಕೆರೆಯಿಂದ ತಂದ ಜೇಡಿಮಣ್ಣನ್ನು ಒಣಗಿಸಿ, ಪುಡಿಮಾಡಿ, ಕಲ್ಲು ಬೇರುಗಳನ್ನು ತೆಗೆದು, ನೀರಿನಲ್ಲಿ ನೆನೆಹಾಕಿ, ಕಾಲಿನಿಂದ ತುಳಿದು ಹದ ಮಾಡುತ್ತಾರೆ. ಸಣ್ಣ ಮರಳನ್ನೋ ಬೂದಿಯನ್ನೋ ಬೆರೆಸುವುದುಂಟು. ಏಕೆ ಬೆರೆಸುತ್ತಾರೆಂದು ಕೇಳಿ. ಬರೀ ಜೇಡಿ ಒಣಗುವಾಗ ಹೆಚ್ಚು ಕುಗ್ಗಿ ಸೀಳುತ್ತದೆ. ಮರಳು ಕುಗ್ಗದ ವಸ್ತುವಾದ್ದರಿಂದ ಆ ಎಳೆತವನ್ನು ತಗ್ಗಿಸುತ್ತದೆ, ನೀರಾವಿ ಹೊರಹೋಗಲು ಸಂದು ಮಾಡಿಕೊಡುತ್ತದೆ. ಎಷ್ಟು ಮರಳು ಎಂಬುದಕ್ಕೆ ಅಳತೆಯ ಪಾತ್ರೆ ಇರುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮಣ್ಣನ್ನು ಉಜ್ಜಿ ನೋಡುತ್ತಾರೆ, ಅಷ್ಟೆ. ಈ ಕೆಲಸದಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ತಿಗರಿಯ ಮುಂದೆ ಕೂತವರ ಚಿತ್ರವನ್ನಷ್ಟೇ ತೆಗೆದುಕೊಂಡು ಬಂದರೆ ಅರ್ಧ ಕಸುಬು ನಿಮ್ಮ ಚಿತ್ರದ ಹೊರಗೇ ಉಳಿಯಿತು ಎಂದೇ ಅರ್ಥ.

ಇನ್ನು ತಿಗರಿ. ಹಳೆಯ ತಿಗರಿ ಭಾರವಾದ ಚಕ್ರ. ಭಾರದ ಬಹುಪಾಲು ಅಂಚಿನಲ್ಲಿರುತ್ತದೆ. ಕೋಲಿನಿಂದ ಕೆಲವು ಸುತ್ತು ತಿರುಗಿಸಿ ಬಿಟ್ಟರೆ ಒಂದು ಪಾತ್ರೆ ಮುಗಿಯುವವರೆಗೂ ತಾನೇ ತಿರುಗುತ್ತದೆ. ಭೌತಶಾಸ್ತ್ರದಲ್ಲಿ ನೀವು ಓದುವ ಜಡತ್ವದ ಮಹತ್ವವೇ ಇದು. ಈಗ ಹಲವು ಮನೆಗಳಲ್ಲಿ ವಿದ್ಯುತ್ ಚಾಲಿತ ತಿಗರಿ ಬಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಿಂದ ಒಂದು ಯೋಜನೆಯ ಮೂಲಕ ಇವುಗಳನ್ನು ಕುಂಬಾರರಿಗೆ ಹಂಚುತ್ತ ಬಂದಿದೆ. ಇದನ್ನು ಕಂಡು ಕೆಲವು ಪ್ರವಾಸಿಗರು 'ಅಯ್ಯೋ, ಹಳೆಯದು ಇಲ್ಲವೇ' ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಬೆನ್ನು ಬಗ್ಗಿಸಿ ಕೋಲು ತಿರುಗಿಸುವವರು ತಾವಲ್ಲವಲ್ಲ!

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಮ್ಮ ಕಡೆ ದುಂಡು ತಳದ ಗಡಿಗೆ ತಿಗರಿಯ ಮೇಲೆ ಪೂರ್ತಿಯಾಗುವುದಿಲ್ಲ. ಅಲ್ಲಿ ಆಗುವುದು ಬಾಯಿ, ಕೊರಳು ಮತ್ತು ದಪ್ಪ ಗೋಡೆ ಮಾತ್ರ. ಸ್ವಲ್ಪ ಆರಿದ ಮೇಲೆ ಒಳಗಿನಿಂದ ಒಂದು ಗುಂಡುಕಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಬಡಿಯುತ್ತ ತಳವನ್ನು ಕೂಡಿಸುತ್ತಾರೆ. ಗೋಡೆ ತೆಳ್ಳಗಾಗುತ್ತದೆ, ಹೊಟ್ಟೆ ಹಿಗ್ಗುತ್ತದೆ. ಆಗಲೇ ಹೇಳಿದ ತಟ್ ತಟ್ ಸದ್ದು ಇದೇ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿರುತ್ತೀರಿ. ಒಂದು ಗಡಿಗೆಗೆ ಎಷ್ಟು ಪೆಟ್ಟು ಬೀಳುತ್ತದೆಂದು ಎಣಿಸಿ ನೋಡಿ. ಗಾದೆಯ ಅರ್ಥ ಬೇರೆಯೇ ಆಗಿ ತೋರುತ್ತದೆ.

ಒಣಗುವ ಹಂತದಲ್ಲಿ ನೀವೇ ಒಂದು ಪ್ರಯೋಗ ಮಾಡಬಹುದು. ಅಪ್ಪಣೆ ಪಡೆದು, ಹಸಿ ಪಾತ್ರೆಯ ಬಾಯಿಯ ಅಗಲವನ್ನು ದಾರದಿಂದ ಅಳೆಯಿರಿ. ಅದೇ ಅಚ್ಚಿನ, ಒಣಗಿದ ಪಾತ್ರೆಯನ್ನೂ, ಸುಟ್ಟ ಪಾತ್ರೆಯನ್ನೂ ಅಳೆಯಿರಿ. ಹತ್ತು ಅಂಗುಲದ್ದು ಒಂಬತ್ತರ ಹತ್ತಿರಕ್ಕೆ ಬಂದಿದ್ದರೂ ಆಶ್ಚರ್ಯಪಡಬೇಡಿ. ಕುಂಬಾರರು ಈ ಕುಗ್ಗುವಿಕೆಯನ್ನು ಕಣ್ಣಳತೆಯಲ್ಲೇ ಲೆಕ್ಕ ಹಾಕಿ ದೊಡ್ಡದಾಗಿ ಮಾಡಿರುತ್ತಾರೆ.

ಆವಿಗೆಯಲ್ಲಿ ಮಡಕೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸೌದೆ, ತೆಂಗಿನ ಚಿಪ್ಪು, ಬೆರಣಿ ಮುಂತಾದ ಉರುವಲು ತುಂಬಿ, ಮೇಲೆ ಹುಲ್ಲು ಹೊದಿಸಿ ಮಣ್ಣು ಮೆತ್ತುತ್ತಾರೆ. ಮೊದಲು ಸಣ್ಣ ಉರಿ. ಒಳಗುಳಿದ ತೇವ ನಿಧಾನವಾಗಿ ಹೋಗಬೇಕು. ಅವಸರ ಮಾಡಿದರೆ ಆವಿ ನುಗ್ಗಿ ಮಡಕೆ ಸಿಡಿಯುತ್ತದೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಜೇಡಿಯ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡ ನೀರೂ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಆ ವಸ್ತು ಮಣ್ಣಲ್ಲ. ಎಷ್ಟು ನೆನೆಸಿದರೂ ಕರಗದು. ಇಂಥ ಆವಿಗೆಗಳ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿಯವರೆಗೆ ಏರುತ್ತದೆ. ಗಾಳಿಯಾಡಿದರೆ ಮಣ್ಣಿನ ಕಬ್ಬಿಣದ ಅಂಶ ಆಮ್ಲಜನಕದೊಡನೆ ಸೇರಿ ಕೆಂಪು ಬಣ್ಣ. ಗಾಳಿ ಮುಚ್ಚಿ ಹೊಗೆ ತುಂಬಿದರೆ ಕಪ್ಪು. ಬ್ರಹ್ಮಗಿರಿಯ ಎರಡು ಬಣ್ಣದ ಮಡಕೆಯ ಗುಟ್ಟೂ ಇದರಲ್ಲಿದೆ. ಬಾಯಿ ಕೆಳಗಾಗಿ ಕವುಚಿ ಸುಟ್ಟಾಗ ಒಳಗೂ ಬಾಯಿಯ ಸುತ್ತಲೂ ಗಾಳಿ ಸಿಗದೆ ಕಪ್ಪಾಯಿತು, ಹೊರಮೈ ಕೆಂಪಾಯಿತು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ.

ಸುಟ್ಟ ಗಡಿಗೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಬೇಸಿಗೆಯ ತಣ್ಣೀರು ಅವುಗಳ ಕೊಡುಗೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 5 ಲೀಟರ್ ನೀರಿನ ಗಡಿಗೆಯ ಮೈಯಿಂದ 100 ಗ್ರಾಂ ಆವಿಯಾದರೆ 58,000 ಕ್ಯಾಲೊರಿ ಹೋಯಿತು. ಅಷ್ಟೂ ಒಳಗಿನ ನೀರಿನಿಂದಲೇ ಬಂದಿದ್ದರೆ 11 ಡಿಗ್ರಿಗೂ ಹೆಚ್ಚು ತಣಿಯಬೇಕು. ಹೊರಗಿನ ಶಾಖವೂ ಒಳಬರುತ್ತಿರುವುದರಿಂದ ಅಷ್ಟು ಇಳಿಯದು. ರಾಯಚೂರಿನ ಒಣಗಾಳಿಯಲ್ಲಿ ಗಡಿಗೆಯ ನೀರು ಚೆನ್ನಾಗಿ ತಣಿಯುತ್ತದೆ, ಮಂಗಳೂರಿನ ತೇವದ ಸೆಕೆಯಲ್ಲಿ ಅಷ್ಟು ತಣಿಯದು. ಕಾರಣವನ್ನು ನೀವೇ ಹೇಳಬಲ್ಲಿರಿ.

ಕೆಲವು ಸ್ಥಳಗಳು

ಬೆಳಗಾವಿಗೋ ಗೋವೆಗೋ ಹೋಗುವವರು ಖಾನಾಪುರದಲ್ಲಿ ಇಳಿಯಬಹುದು. ಮಲಪ್ರಭೆಯ ದಡದ ಈ ಊರು ಕೆಂಪು ಮಣ್ಣಿನ ಪಾತ್ರೆಗಳಿಗೂ ಹಂಚಿಗೂ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ. ಇಂಥ ಸಂಸ್ಥೆಗೆ ಹೋಗುವಾಗ ಪ್ರಾಂಶುಪಾಲರ ಪತ್ರದೊಡನೆ ಮುಂಚಿತವಾಗಿ ಅನುಮತಿ ಕೇಳುವುದು ಕ್ರಮ. ಮಣ್ಣು ಅರೆಯುವ ಯಂತ್ರ, ಕಟ್ಟಿದ ಕುಲುಮೆ ಮುಂತಾದವನ್ನು ಒಂದೇ ಕಡೆ ನೋಡಲು ಇಂಥ ಸ್ಥಳವೇ ಸರಿ.

ಮಂಗಳೂರಿನದು ಬೇರೆ ಕಥೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಇಲ್ಲಿ ತಿಗರಿಯಿಲ್ಲ, ಅಚ್ಚಿನಲ್ಲಿ ಒತ್ತುವುದು. ಮಂಗಳೂರು ಹಂಚು ನಾಡಿನ ಮನೆಗಳ ತಲೆಯ ಮೇಲೆ ಕೂತಿತು. ಆಮೇಲೆ ಕಾಂಕ್ರೀಟು ಬಂದು ಅನೇಕ ಕಾರ್ಖಾನೆಗಳು ಬಾಗಿಲು ಹಾಕಿದವು. ಪ್ರವಾಸದಲ್ಲಿ ಹಳೆಯ ಮನೆ ಕಂಡರೆ, ಬಿದ್ದ ಹಂಚಿನ ಹಿಂಬದಿ ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿ ಕೂಡ, ಅಲ್ಲೇ ಒತ್ತಿರುತ್ತದೆ.

ರಾಜ್ಯದ ಹೊರಗೆ ಹೋಗುವವರಿಗೂ ಅವಕಾಶಗಳುಂಟು. ರಾಮೇಶ್ವರದ ರೈಲುದಾರಿಯಲ್ಲಿ ಮಾನಾಮದುರೈ ಸಿಗುತ್ತದೆ. ಕಛೇರಿಯಲ್ಲಿ ನುಡಿಸುವ ಘಟ ಅಲ್ಲಿಯ ಕುಂಬಾರರದು. ಅಡುಗೆಯ ಗಡಿಗೆಗಿಂತ ದಪ್ಪ, ಭಾರ. ಶ್ರುತಿ ಸೇರದಿದ್ದರೆ ಅದು ಬರೀ ಮಡಕೆ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿಯಿಂದ ಕಲಿತವರು ಸುತ್ತಮುತ್ತ ಹಲವು ಸ್ಟುಡಿಯೋಗಳನ್ನು ಕಟ್ಟಿದ್ದಾರೆ. ಅಲ್ಲಿಯದು 1,200 ಡಿಗ್ರಿಗೂ ಮೇಲೆ ಸುಡುವ, ನೀರು ಹೀರದ ಪಾತ್ರೆ. ಮುಂಬಯಿಗೆ ಹೋದರೆ ಧಾರಾವಿಯ ಕುಂಭಾರವಾಡ. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಕೇರಿ. ಜಯಪುರದ ನೀಲಿ ಪಾತ್ರೆಗಳಲ್ಲಿ ಜೇಡಿಮಣ್ಣೇ ಇಲ್ಲವೆಂದರೆ ನಂಬುತ್ತೀರಾ? ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ, ಅಂಟು, ಇವುಗಳಿಂದ ಮಾಡಿದ್ದು.

ಹೋದಾಗ ನಡೆದುಕೊಳ್ಳುವ ರೀತಿ

ಸ್ಟುಡಿಯೋದಲ್ಲಿ ಶುಲ್ಕ ಕೊಟ್ಟು ಕಲಿಯುತ್ತೀರಿ. ಲೆಕ್ಕ ಅಲ್ಲಿಗೆ ಮುಗಿಯಿತು. ಕುಂಬಾರರ ಮನೆಯ ಮಾತು ಹಾಗಲ್ಲ. ಐವತ್ತು ಮಂದಿ ವಿದ್ಯಾರ್ಥಿಗಳು ಒಂದು ಗಂಟೆ ನಿಂತರೆ ಅವರಿಗೆ ಒಂದು ಗಂಟೆಯ ಕೆಲಸ ಹೋಯಿತು. ತಿಗರಿಯ ಮೇಲಿನ ಮಣ್ಣು ಆರಿದರೆ ಇನ್ನೂ ಹೆಚ್ಚು. ಹತ್ತು ಹನ್ನೆರಡು ಮಂದಿಯ ಗುಂಪಾಗಿ ಹೋಗಿ. ಬರುವ ಸಂಗತಿಯನ್ನು ಹಿಂದಿನ ದಿನವೇ ತಿಳಿಸಿ, ಅವರ ವೇಳೆಗೆ ಏನು ಕೊಡಬೇಕೆಂದು ಮೇಷ್ಟ್ರ ಮೂಲಕ ಮಾತಾಡಿಕೊಳ್ಳಿ. ತಿಗರಿಯನ್ನು ಪೂಜಿಸುವ ಮನೆಗಳಿರುವುದರಿಂದ ಚಪ್ಪಲಿ ಹೊರಗೆ ಬಿಡಿ. ಒಣಗಲು ಇಟ್ಟದ್ದನ್ನು ಮುಟ್ಟಬೇಡಿ. "ನಾನೂ ತಿರುಗಿಸಲೇ?" ಎಂಬುದು ಮೊದಲ ಪ್ರಶ್ನೆಯಾಗದಿರಲಿ, ಅವರೇ ಕರೆದರೆ ಕೂತುಕೊಳ್ಳಿ.

ಮೊದಲ ಪ್ರಶ್ನೆ ಯಾವುದಿರಲಿ ಎಂದರೆ, "ಮಣ್ಣು ಎಲ್ಲಿಂದ ತರುತ್ತೀರಿ, ಯಜಮಾನರೇ?" ಎಂಬುದು. ಊರ ಕೆರೆಯ ಮಣ್ಣು ಊರ ಕುಂಬಾರರಿಗೆ ಎಂಬುದು ಹಲವು ಕಡೆ ಹಳೆಯ ರೂಢಿ. ಈಗ ಕೆರೆಯ ಜಾಗದಲ್ಲಿ ಬಡಾವಣೆ ಎದ್ದ ಊರುಗಳಿವೆ; ಅದೇ ಮಣ್ಣಿಗೆ ಇಟ್ಟಿಗೆ ಗೂಡಿನವರ ಪೈಪೋಟಿಯಿರುವ ಊರುಗಳಿವೆ. ಅಂಥ ಕಡೆ ದೂರದಿಂದ ಟ್ರ್ಯಾಕ್ಟರಿನಲ್ಲಿ ಹಣ ಕೊಟ್ಟು ತರಿಸಬೇಕು. ಒಂದು ಲೋಡಿಗೆ ಎಷ್ಟು, ಅದರಲ್ಲಿ ಎಷ್ಟು ಗಡಿಗೆ, ಆವಿಗೆಯಲ್ಲಿ ಎಷ್ಟು ಒಡೆಯುತ್ತವೆ, ಸಂತೆಯಲ್ಲಿ ಒಂದಕ್ಕೆ ಎಷ್ಟು ಸಿಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಅವರ ಮಕ್ಕಳು ಈ ಕಸುಬಿಗೆ ಬರುವರೋ ಇಲ್ಲವೋ ಎಂಬುದು ಈ ನಾಲ್ಕು ಅಂಕಿಗಳ ಮೇಲೆ ನಿಂತಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗಲಾರದು.

ಹೊರಡುವಾಗ ಏನಾದರೂ ಕೊಂಡುಕೊಳ್ಳಿ, ಚೌಕಾಸಿ ಬೇಡ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಂಚಿನಂತೆ ಸದ್ದು ಬಂದರೆ ಚೆನ್ನಾಗಿ ಬೆಂದಿದೆ; ಬದ್ದೆಂದರೆ ಎಲ್ಲೋ ಬಿರುಕಿದೆ ಅಥವಾ ಅರೆಬೆಂದಿದೆ. ಬಸ್ಸಿನಲ್ಲಿ ತರುವಾಗ ಹುಲ್ಲಿನ ಸಿಂಬಿಯ ಮೇಲೆ, ಬಾಯಿ ಮೇಲಾಗಿ, ಕಾಲ ಬಳಿ ಇಟ್ಟುಕೊಳ್ಳಿ. ಮೇಲಿನ ಹಲಗೆಯಲ್ಲಿ ಬೇಡ. ಮನೆಗೆ ಬಂದಮೇಲೆ ಒಂದು ರಾತ್ರಿ ನೀರು ತುಂಬಿಟ್ಟು, ಆ ನೀರನ್ನು ಗಿಡಕ್ಕೆ ಹಾಕಿ, ಮರುದಿನದಿಂದ ಬಳಸಿ.